ತತ್ತಿ ಲೆಕ್ಕ ಬರೆಯುತ್ತ

ನಮ್ಮ ಶಾಲೆಯಲ್ಲಿ ಈಗ ಎಲ್ಲಕ್ಕಿಂತ ಹೆಚ್ಚು ಮಾಸಿರುವುದು ಹಾಜರಿ ಪುಸ್ತಕವಲ್ಲ, ತತ್ತಿ ವಹಿ. ಪ್ರಾರ್ಥನೆ ಮುಗಿದ ಕೂಡಲೇ ಎಣಿಕೆ ಶುರು: ತತ್ತಿ ತಿನ್ನುವವರು ಇಷ್ಟು, ಬಾಳೆಹಣ್ಣು ಇಷ್ಟು, ಶೇಂಗಾ ಚಿಕ್ಕಿ ಇಷ್ಟು. ಎಣಿಸಲು ಹೋದ ಏಳನೇ ತರಗತಿ ಹುಡುಗ ತಿರುಗಿ ಬರುವಷ್ಟರಲ್ಲಿ ಇಬ್ಬರು ಸಾಲು ಬದಲಿಸಿರುತ್ತಾರೆ. ಶ್ರಾವಣ ಸೋಮವಾರ ಬಂತೆಂದರೆ ಲೆಕ್ಕವೇ ತಲೆಕೆಳಗು, ಅವತ್ತು ಬಾಳೆಹಣ್ಣು ಸಾಲುವುದಿಲ್ಲ.

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಮುಖ್ಯಗುರು. ವಾರದ ಆರು ದಿನದ ತತ್ತಿಯಲ್ಲಿ ಎರಡು ದಿನದ್ದು ಸರ್ಕಾರದ ಹಣ, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು. 2024ರಲ್ಲಿ ಆದ ಒಪ್ಪಂದ, ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಹೋದ ವಾರ ಬಿಸಿಯೂಟದ ಅಡಿಗಿ ಅಕ್ಕ ಬುಟ್ಟಿ ತುಂಬ ತತ್ತಿ ಸುಲಿಯುತ್ತ ಕೇಳಿದರು, "ಈ ಪ್ರೇಮ್‌ಜಿ ಅನ್ನಾವ್ರದು ಕೋಳಿ ಫಾರಂ ಐತೇನ್ರಿ ಸರ?"

"ಕೋಳಿ ಅಲ್ಲವ್ವ, ಡಾಲ್ಡಾ" ಅಂದೆ.

ನಗಿಸಲಿಕ್ಕೆ ಹೇಳಿದ್ದಲ್ಲ. ಪ್ರೇಮ್‌ಜಿಯವರ ಕಂಪನಿ ವಿಪ್ರೋ ಅಂದರೆ ನಮ್ಮ ಹುಡುಗರಿಗೆ ಬೆಂಗಳೂರಿನ ಗಾಜಿನ ಕಟ್ಟಡ. ಅದು ಹುಟ್ಟಿದ್ದು ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಅಮಳನೇರದಲ್ಲಿ, 1945ರ ಡಿಸೆಂಬರಿನಲ್ಲಿ, ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್ ಎಂಬ ಹೆಸರಿನಲ್ಲಿ. ಕಟ್ಟಿದವರು ಅಕ್ಕಿ ವ್ಯಾಪಾರದ ಮನೆತನದ ಮೊಹಮ್ಮದ್ ಹಾಶಿಮ್ ಪ್ರೇಮ್‌ಜಿ. ಮಾಡುತ್ತಿದ್ದದ್ದು ವನಸ್ಪತಿ, ಆಮೇಲೆ ಬಟ್ಟೆ ಸೋಪು. (ನಮ್ಮ ಕಡೆ ಯಾವ ಕಂಪನಿಯ ವನಸ್ಪತಿಗೂ ಡಾಲ್ಡಾ ಎಂದೇ ಹೆಸರು, ತಿದ್ದಲು ಹೋಗಬೇಡಿ.) ಅದೇ ವರ್ಷ ಜುಲೈ 24ರಂದು ಹುಟ್ಟಿದ ಮಗ ಅಜೀಂ. 1966ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ತಂದೆ ತೀರಿಕೊಂಡ ಸುದ್ದಿ ಬಂತು. ವಯಸ್ಸು 21. ಓದು ಅರ್ಧಕ್ಕೇ ನಿಂತಿತು. ಷೇರುದಾರರ ಸಭೆಯಲ್ಲಿ ಒಬ್ಬರು ಎದ್ದುನಿಂತು, ಇದು ನಿನ್ನ ಕೈಯಲ್ಲಾಗುವ ಕೆಲಸವಲ್ಲ, ನಿನ್ನ ಪಾಲು ಮಾರಿ ಅನುಭವಸ್ಥರಿಗೆ ಬಿಟ್ಟುಕೊಡು ಎಂಬ ಅರ್ಥದಲ್ಲಿ ಮಾತಾಡಿದ್ದರಂತೆ. ನಾನು ಹೊಸದಾಗಿ ಈ ಶಾಲೆಯ ಚಾರ್ಜ್ ತೆಗೆದುಕೊಂಡ ದಿನ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲೂ ಹೀಗೇ ಒಬ್ಬರು ಎದ್ದಿದ್ದರು. ನನಗೆ ಮಾರಲು ಏನೂ ಇರಲಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. ಐಬಿಎಂ ದೇಶ ಬಿಟ್ಟುಹೋದಾಗ ತೆರವಾದ ಜಾಗಕ್ಕೆ ಕಂಪ್ಯೂಟರ್ ಮಾಡಲು ಇಳಿದದ್ದು, ಸಂತೂರ್ ಸೋಪು, ನಂತರ ಸಾಫ್ಟ್‌ವೇರ್. ಬಿಟ್ಟುಬಂದ ಡಿಗ್ರಿಯನ್ನು ಮೂರು ದಶಕ ಕಳೆದ ಮೇಲೆ ಪೂರ್ತಿ ಮಾಡಿಕೊಂಡರು ಎಂಬುದನ್ನು ಮಾತ್ರ ನಾನು ಶಾಲೆ ಬಿಟ್ಟ ಪ್ರತಿ ಹುಡುಗನ ಮನೆಯಲ್ಲೂ ಕೂತು ಹೇಳಿದ್ದೇನೆ.

ಅಕ್ಕನಿಗೆ ಇದ್ಯಾವುದೂ ಬೇಕಾಗಿರಲಿಲ್ಲ. "ಎಷ್ಟು ಕೊಟ್ಟಾರ್ರಿ ಒಟ್ಟ?" 2019ರ ಮಾರ್ಚ್‌ನಲ್ಲಿ ಇನ್ನೊಂದಿಷ್ಟು ಷೇರಿನ ಆದಾಯ ಬರೆದುಕೊಟ್ಟ ಮೇಲೆ ಒಟ್ಟು ಮೊತ್ತ 1.45 ಲಕ್ಷ ಕೋಟಿ ಆಯಿತು. ವಿಪ್ರೋದಲ್ಲಿ 67% ಪಾಲಿನ ಲಾಭ ಫೌಂಡೇಶನ್ನಿಗೆ. ಸೊನ್ನೆ ಹಾಕಿ ತೋರಿಸಲು ಹೋಗಿ ನಾನೇ ಒಂದು ತಪ್ಪಿದೆ. ಅಕ್ಕ ತತ್ತಿ ಕೆಳಗಿಟ್ಟು, "ಅಷ್ಟು ಕೊಟ್ಟು ಮಕ್ಕಳಿಗೆ ಏನ ಬಿಟ್ರು?" ಅಂದರು. ಅವರಿಗೂ ಉಳಿದಾವ, ಚಿಂತಿ ಬ್ಯಾಡ ಎಂದೆ.

ನಾನು ಈ ಹೆಸರು ಮೊದಲು ಕೇಳಿದ್ದು ತತ್ತಿಗಿಂತ ಬಹಳ ಹಿಂದೆ. 2003ರಲ್ಲಿ ನೌಕರಿ ಸೇರಿದಾಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವು ಗುಲ್ಬರ್ಗಾದವರು. ಫೌಂಡೇಶನ್ ಆಗ ಸರ್ಕಾರದ ಜೊತೆ ಸೇರಿ ನಮ್ಮ ಭಾಗದಲ್ಲಿ ಕಲಿಕಾ ಖಾತರಿ ಕಾರ್ಯಕ್ರಮ ನಡೆಸುತ್ತಿತ್ತು. ಶಾಲೆಯವರು ತಾವಾಗಿ ಹೆಸರು ಕೊಡಬೇಕು, ಹೊರಗಿನವರು ಬಂದು ಮಕ್ಕಳ ಕಲಿಕೆ ಅಳೆಯುತ್ತಾರೆ. ಸುರಪುರ ತಾಲ್ಲೂಕಿಗಂತೂ ಅವರು ಬಂದವರು ಹೋಗಲೇ ಇಲ್ಲ. ಶ್ರೀಮಂತರ ಸಂಸ್ಥೆ ಅಂದಮೇಲೆ ಬ್ಯಾಗು, ಬೆಂಚು, ಆದರೆ ಒಂದು ಕಾಂಪೌಂಡು ಎಂದು ನಾವು ಪಟ್ಟಿ ಮಾಡಿಟ್ಟುಕೊಂಡಿದ್ದೆವು. ಬಸ್ಸಿಳಿದು ಬಂದದ್ದು ಹೆಗಲಿಗೆ ಜೋಳಿಗೆ ಹಾಕಿದ ಒಬ್ಬ ಹುಡುಗ. ಬರಿಗೈ.

ದಿನವಿಡೀ ನನ್ನ ಮೂರನೇ ತರಗತಿಯ ಹಿಂದಿನ ಸಾಲಿನಲ್ಲಿ ಕೂತಿದ್ದ. ಸಂಜೆ ಒಂದು ನೋಟುಬುಕ್ಕು ತೆರೆದು ತೋರಿಸಿದ. 52ರಲ್ಲಿ 27 ಕಳೆದು ಹುಡುಗನೊಬ್ಬ 35 ಬರೆದಿದ್ದ, ನಾನು ಕೆಂಪು ಪೆನ್ನಿನಿಂದ ಗೀಟು ಹೊಡೆದಿದ್ದೆ. "ಯಾಕೆ 35 ಬಂತು ಅಂತ ಅವನನ್ನೇ ಕೇಳಿದಿರಾ ಸರ್?" ನನಗೆ ಸಿಟ್ಟು ಬಂತು. ತಪ್ಪಿಗೆ ಕಾರಣ ಏನು ಕೇಳುವುದು? ಆದರೂ ಮರುದಿನ ಕೇಳಿದೆ. ಹುಡುಗ ಹೆದರುತ್ತ ಹೇಳಿದ: "ದೊಡ್ಡದರಾಗ ಸಣ್ಣದು ಕಳೀಬೇಕು ಅಂತ ನೀವ ಹೇಳೀರಲ್ರಿ ಸರ. ಏಳರಾಗ ಎರಡು ಹೋದ್ರ ಐದು. ಐದರಾಗ ಎರಡು ಹೋದ್ರ ಮೂರು."

ನಾನು ಹೇಳಿದ್ದು ಹೌದು. ಅಕ್ಷರಶಃ ಪಾಲಿಸಿದ್ದ.

ಅಲ್ಲಿಂದ ನನ್ನ ಮೇಷ್ಟ್ರುಗಿರಿ ಬದಲಾಯಿತು. ಸುರಪುರದಲ್ಲಿ ಅವರ ಶಿಕ್ಷಕರ ಕಲಿಕಾ ಕೇಂದ್ರ ತೆರೆದ ಮೇಲೆ, ಶಾಲೆ ಮುಗಿಸಿ ಅಲ್ಲಿಗೆ ಹೋಗಿ ಭಿನ್ನರಾಶಿ ಬಗ್ಗೆ ವಾದ ಮಾಡುವ ಹತ್ತು ಹನ್ನೆರಡು ಜನರಲ್ಲಿ ನಾನೂ ಒಬ್ಬನಾದೆ. ಭತ್ಯೆ ಇಲ್ಲ, ಡ್ಯೂಟಿ ಲೆಕ್ಕಕ್ಕೆ ಹಿಡಿಯುವ ಓಓಡಿ ಇಲ್ಲ, ಸಿಗುತ್ತಿದ್ದದ್ದು ಚಹಾ. ಹೋಗದವರು ನಮ್ಮನ್ನು 'ಪ್ರೇಮಿಗಳು' ಎಂದು ಆಡಿಕೊಳ್ಳುತ್ತಿದ್ದರು. ಪ್ರೇಮ್‌ಜಿಯವರನ್ನು ನಾನು ಇಂದಿಗೂ ಕಣ್ಣಾರೆ ಕಂಡಿಲ್ಲ. ಅವರ ತಾಯಿ ಡಾ. ಗುಲ್‌ಬಾನು ಮುಂಬೈಯಲ್ಲಿ ಪೋಲಿಯೊ ಪೀಡಿತ ಮಕ್ಕಳ ಆಸ್ಪತ್ರೆಯೊಂದಕ್ಕಾಗಿ ದಶಕಗಟ್ಟಲೆ ದುಡಿದವರು, ಮಗನಿಗೆ ದಾರಿ ತೋರಿದ್ದು ಆಕೆಯೇ ಎಂದು ಓದಿದಾಗ, ಬರಿಗೈಯ ಹುಡುಗನನ್ನು ಕಳಿಸುವ ಬುದ್ಧಿ ಆ ಮನೆಯಲ್ಲಿ ಎಲ್ಲಿಂದ ಬಂತೆಂದು ಸ್ವಲ್ಪ ಅಂದಾಜಾಯಿತು.

ಇಷ್ಟು ಹೇಳಿದ ಮೇಲೆ ಗಂಟಲಲ್ಲಿ ಸಿಕ್ಕಿರುವ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. 2021ರ ಡಿಸೆಂಬರಿನಲ್ಲಿ ಸರ್ಕಾರ ಮೊದಲು ತತ್ತಿ ಕೊಟ್ಟದ್ದು ನಮ್ಮಂಥ ಜಿಲ್ಲೆಗಳಿಗೆ, ಇಲ್ಲಿನ ಮಕ್ಕಳು ಬಡಕಲು ಎಂದು. ಶಾಲೆಯಲ್ಲಿ ತತ್ತಿ ಬೇಡವೆಂದು ಆಗ ಎಷ್ಟು ರಂಪ ಆಯಿತು ನೆನಪಿದೆಯಲ್ಲ? ಈಗ ಆರು ದಿನವೂ ತತ್ತಿ, ನಮ್ಮ ಊರಲ್ಲಿ ಯಾರೂ ಚಕಾರ ಎತ್ತುವುದಿಲ್ಲ. ಸಂತೋಷ. ಆದರೆ ಇಡೀ ರಾಜ್ಯದ ಸರ್ಕಾರಿ ಶಾಲೆ ಮಕ್ಕಳ ತಟ್ಟೆಯಲ್ಲಿ ನಾಲ್ಕು ದಿನದ ತತ್ತಿ ಒಬ್ಬ ಮನುಷ್ಯನ ಮನಸ್ಸಿನ ಮೇಲೆ ನಿಂತಿದೆ ಎಂಬುದು ನನಗೆ ನಿದ್ದೆ ಕೆಡಿಸುತ್ತದೆ. ಮೂರು ವರ್ಷ ಅಂದರೆ ಒಂದನೇ ತರಗತಿಗೆ ಸೇರಿದವಳು ನಾಲ್ಕಕ್ಕೆ ಬರುವಷ್ಟರಲ್ಲಿ ಮುಗಿಯಿತು. ದಾನಿ ಕೊಟ್ಟದ್ದು ತಪ್ಪಲ್ಲ. ಬಜೆಟ್ಟಿನಲ್ಲಿ ಇರಬೇಕಾದದ್ದನ್ನು ದಾನದಲ್ಲಿ ತೆಗೆದುಕೊಂಡು ನಾವು ಆರಾಮಾಗಿ ಕೂತಿದ್ದೇವಲ್ಲ, ಅದು ತಪ್ಪು. ಒಂದು ತತ್ತಿಗೆ 6 ರೂಪಾಯಿ ಲೆಕ್ಕ. ಅದರಲ್ಲೇ ಗ್ಯಾಸು, ಸಾಗಣೆ, ಸುಲಿಯುವ ಕೂಲಿ. ಚಳಿಗಾಲದಲ್ಲಿ ಅಂಗಡಿಯವನೇ ಅದಕ್ಕಿಂತ ಹೆಚ್ಚು ಕೇಳಿದಾಗ ಉಳಿದದ್ದು ಹೆಡ್‌ಮಾಸ್ತರನ ಜೇಬಿನಿಂದ. ಹಾಗೆ ನೋಡಿದರೆ ನಾನೂ ಸಣ್ಣ ದಾನಿಯೇ.

ಇವತ್ತು ಮಧ್ಯಾಹ್ನ ವಹಿ ಮತ್ತು ಬುಟ್ಟಿ ತಾಳೆಯಾಗಲಿಲ್ಲ. ಬರೆದದ್ದು 186, ಬೆಂದದ್ದು 186, ಬಡಿಸುವಾಗ ಒಂದು ಕಡಿಮೆ. ಅಕ್ಕ ನನ್ನ ಮೇಲೆ, ನಾನು ಏಳನೇ ತರಗತಿ ಹುಡುಗನ ಮೇಲೆ ಹಾರಾಡಿದೆವು. ಕಡೆಗೆ ಒಂದನೇ ತರಗತಿಯ ಒಬ್ಬಳು ಸಿಕ್ಕಳು, ಕೈ ಲಂಗದ ಜೇಬಿನಲ್ಲಿತ್ತು.

ಬೈಯಲು ಬಾಯಿ ತೆರೆದವನು, 52ರಲ್ಲಿ 27 ನೆನಪಾಗಿ, "ಯಾಕವ್ವ?" ಎಂದೆ.

"ತಮ್ಮ ಇನ್ನಾ ಸಾಲಿಗೆ ಬರಂಗಿಲ್ರಿ" ಅಂದಳು.

ವಹಿಯಲ್ಲಿ 186 ಇದ್ದದ್ದನ್ನು ಹಾಗೇ ಬಿಟ್ಟೆ.