ಲಂಕೆಗೆ ಹೊರಡುವವರು ಮೊದಲು ಮಳೆ ನೋಡಿ, ಆಮೇಲೆ ಮ್ಯಾಪು

ಶ್ರೀಲಂಕಾ ಸುಮಾರು 65,610 ಚದರ ಕಿಲೋಮೀಟರಿನ ದ್ವೀಪ. ಅಂದರೆ ನಮ್ಮ ಕರ್ನಾಟಕದ ಮೂರನೇ ಒಂದು ಭಾಗ. ಮ್ಯಾಪಿನಲ್ಲಿ ನೋಡಿದರೆ ಒಂದೇ ವಾರದಲ್ಲಿ ಪೂರ್ತಿ ಸುತ್ತಿಬಿಡಬಹುದು ಅನ್ನಿಸುತ್ತದೆ. ಬೆಂಗಳೂರಿನ ಟ್ರಾವೆಲ್ ಏಜೆಂಟರು ಕೊಡುವ ಪಟ್ಟಿಯೂ ಹಾಗೇ ಇರುತ್ತದೆ. ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲು, ಬೆಳಿಗ್ಗೆ ಎದ್ದರೆ ಸೂಟ್‌ಕೇಸು ಕಟ್ಟುವ ಕೆಲಸ. ಆ ಪಟ್ಟಿಗೆ ಒಪ್ಪಬೇಡಿ. ಅಲ್ಲಿ ಕಿಲೋಮೀಟರ್ ಲೆಕ್ಕ ಕೆಲಸಕ್ಕೆ ಬರುವುದಿಲ್ಲ, ಗಂಟೆ ಲೆಕ್ಕ ಹಾಕಬೇಕು. ಕೊಲಂಬೊದಿಂದ ಕ್ಯಾಂಡಿಗೆ ಬರೀ 115 ಕಿಲೋಮೀಟರ್, ಆದರೆ ಮೂರು ಗಂಟೆಗೆ ಕಡಿಮೆ ಇಲ್ಲ. ಏರ್‌ಪೋರ್ಟಿನಿಂದ ಸಿಗಿರಿಯಾಗೆ ನಾಲ್ಕು ಗಂಟೆ. ಎಕ್ಸ್‌ಪ್ರೆಸ್‌ವೇ ಇರುವುದು ಮುಖ್ಯವಾಗಿ ಕೊಲಂಬೊದಿಂದ ದಕ್ಷಿಣಕ್ಕೆ. ಉಳಿದ ಕಡೆ ರಸ್ತೆ ಚೆನ್ನಾಗಿದೆ, ಆದರೆ ಅಗಲ ಇಲ್ಲ. ಬೆಟ್ಟದಲ್ಲಂತೂ ಗಂಟೆಗೆ 30 ಕಿಲೋಮೀಟರ್ ಹೋದರೆ ಪುಣ್ಯ.

ಇದಕ್ಕಿಂತ ದೊಡ್ಡ ವಿಷಯ ಮಳೆ. ಅಲ್ಲಿಗೆ ಎರಡು ಮಳೆಗಾಲ. ಮೇನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ. ನಮ್ಮ ಮಲೆನಾಡಿಗೆ ಮಳೆ ತರುವುದೂ ಅದೇ. ಆಗ ಕೊಲಂಬೊ, ಗಾಲ್, ಮಿರಿಸ್ಸಾ ಕಡೆಯ ಸಮುದ್ರ ಕೆರಳಿರುತ್ತದೆ, ಬೆಟ್ಟದ ಊರುಗಳು ನೆನೆಯುತ್ತಿರುತ್ತವೆ. ಆದರೆ ಅದೇ ತಿಂಗಳುಗಳಲ್ಲಿ ಪೂರ್ವ ಕರಾವಳಿಯ ಟ್ರಿಂಕೋಮಲಿ, ಪಾಸಿಕುಡ, ಅರುಗಂ ಬೇ ಬಿಸಿಲಿನಲ್ಲಿರುತ್ತವೆ. ಡಿಸೆಂಬರ್‌ನಿಂದ ಫೆಬ್ರವರಿಗೆ ಇದು ತಿರುಗುಮುರುಗು. ಈಶಾನ್ಯ ಮಾರುತ ಬಂದು ಪೂರ್ವಕ್ಕೆ ಮಳೆ, ದಕ್ಷಿಣಕ್ಕೆ ಬಿಸಿಲು. ಹಾಗಾಗಿ ಎರಡೂ ಕರಾವಳಿಯನ್ನು ಒಂದೇ ಪ್ರವಾಸಕ್ಕೆ ತುರುಕಿದರೆ ಎಲ್ಲೋ ಒಂದು ಕಡೆ ಹೋಟೆಲ್ ರೂಮಿನಲ್ಲಿ ಕೂತು ಮಳೆ ನೋಡಬೇಕಾಗುತ್ತದೆ. ಒಂದು ಕರಾವಳಿ, ಒಂದಿಷ್ಟು ಹಳೆಯ ರಾಜಧಾನಿಗಳು, ಒಂದಿಷ್ಟು ಬೆಟ್ಟ. ವಾರ ಹತ್ತು ದಿನಕ್ಕೆ ಅಷ್ಟು ಸಾಕು.

ನಮ್ಮ ಕಡೆಯ ರಜೆಗಳಿಗೆ ಇದನ್ನು ಹೊಂದಿಸಿ ನೋಡಿ. ಕ್ರಿಸ್‌ಮಸ್ ರಜೆಯಾದರೆ ದಕ್ಷಿಣ ಕರಾವಳಿ ಸರಿ. ಆದರೆ ಯುರೋಪಿನವರೂ ಆಗಲೇ ಬರುತ್ತಾರೆ, ರೂಮಿನ ದರ ಏರಿರುತ್ತದೆ. ಬೇಸಿಗೆ ರಜೆಯಾದರೆ ಏಪ್ರಿಲ್ 13-14ರ ಆಸುಪಾಸು ಬಿಟ್ಟುಬಿಡಿ. ಅದು ಸಿಂಹಳ ಮತ್ತು ತಮಿಳು ಹೊಸ ವರ್ಷ. ಊರಿನ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಕೊಲಂಬೊ ಜನವೆಲ್ಲ ಬೆಟ್ಟದೂರು ನುವಾರ ಎಲಿಯಾದಲ್ಲಿರುತ್ತಾರೆ. ದಸರಾ ರಜೆ ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟ. ಅಕ್ಟೋಬರ್-ನವೆಂಬರ್‌ನಲ್ಲಿ ಎರಡು ಮಾರುತಗಳ ನಡುವಿನ ಗುಡುಗು ಮಳೆ ಯಾವ ಕಡೆ ಬೇಕಾದರೂ ಬೀಳಬಹುದು. ಶಾಲೆಯ ಗೊಡವೆ ಇಲ್ಲದವರು ಫೆಬ್ರವರಿ-ಮಾರ್ಚ್‌ನಲ್ಲಿ ಹೋಗಿ. ಅದೃಷ್ಟವಂತರು ನೀವು.

ಹುಣ್ಣಿಮೆಯನ್ನೂ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ. ಅಲ್ಲಿ ಪ್ರತಿ ಹುಣ್ಣಿಮೆಯೂ ಪೋಯ ಅನ್ನುವ ಸರ್ಕಾರಿ ರಜೆ. ಅವತ್ತು ಮದ್ಯ ಮಾರುವುದಿಲ್ಲ. ನಮ್ಮ ಮನೆಯವರ ಗೆಳೆಯರ ಬಳಗಕ್ಕೆ ಈ ಸಂಗತಿ ಅಲ್ಲಿ ಹೋದ ಮೇಲೆ ತಿಳಿಯಿತಂತೆ. ನಮಗೆ ತೊಂದರೆ ಆಗಿದ್ದು ಅದಲ್ಲ. ಪೋಯ ದಿನ ಬೌದ್ಧ ದೇವಾಲಯಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ನಾವು ಹೋದದ್ದು ಕ್ರಿಸ್‌ಮಸ್ ರಜೆಯಲ್ಲಿ. ಅತ್ತೆ, ಮಗಳು, ನಾವಿಬ್ಬರು. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ, ಹಾರುವುದು ಹೆಚ್ಚುಕಡಿಮೆ ಒಂದೂವರೆ ಗಂಟೆ. ಜಯನಗರದಿಂದ ದೇವನಹಳ್ಳಿಗೆ ಟ್ಯಾಕ್ಸಿಯಲ್ಲಿ ಹೋಗಲು ಹಿಡಿದದ್ದೂ ಅಷ್ಟೇ! ಗಡಿಯಾರ ಬದಲಿಸುವ ಕೆಲಸವೂ ಇಲ್ಲ, ಅಲ್ಲೂ ನಮ್ಮದೇ ಸಮಯ. ಹೊರಡುವ ಮುಂಚೆ ಇಟಿಎ ಅನ್ನುವ ಆನ್‌ಲೈನ್ ಅನುಮತಿ ಮಾಡಿಸಿಕೊಳ್ಳಬೇಕು. ಇದಕ್ಕೆ ಅಲ್ಲಿನ ಸರ್ಕಾರದ್ದೇ ವೆಬ್‌ಸೈಟ್ ಇದೆ, ವಿಳಾಸ ಜಿಒವಿ ಡಾಟ್ ಎಲ್‌ಕೆ ಎಂದು ಮುಗಿಯುತ್ತದೆ. ಗೂಗಲಿಸಿದರೆ ಅದೇ ಥರ ಕಾಣುವ ಖಾಸಗಿ ಸೈಟುಗಳು ಮೊದಲು ಬರುತ್ತವೆ, ದುಪ್ಪಟ್ಟು ಹಣ ಕೇಳುತ್ತವೆ. ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ. ಹೋಗಿ ಬಂದ ನೆಂಟರ ಮಾತು ನಂಬಬೇಡಿ, ನನ್ನದನ್ನೂ ನಂಬಬೇಡಿ, ಆ ವಾರವೇ ನೋಡಿ.

ವಿಮಾನ ನಿಲ್ದಾಣ ಇರುವುದು ಕೊಲಂಬೊದಲ್ಲಲ್ಲ, ಅದರ ಉತ್ತರಕ್ಕೆ ಕಟುನಾಯಕದಲ್ಲಿ. ಸಂಜೆ ಇಳಿದರೆ ಪಕ್ಕದ ನೆಗೊಂಬೊದಲ್ಲೇ ಮಲಗಿ ಬೆಳಿಗ್ಗೆ ಸಿಗಿರಿಯಾ ಕಡೆ ಹೊರಡಿ. ಕೊಲಂಬೊ ಊರೊಳಗೆ ಹೋಗಿ ಮತ್ತೆ ಹಿಂದೆ ಬರುವುದು ಸುಮ್ನೆ ಸುತ್ತು.

ಗಾಡಿ ವಿಷಯ. ಕುಟುಂಬವಾದರೆ ಡ್ರೈವರ್ ಸಮೇತ ಕಾರು ಅಥವಾ ವ್ಯಾನ್ ಮಾಡಿಕೊಳ್ಳುವುದು ಒಳ್ಳೆಯದು. ಅಲ್ಲಿ ಎಲ್ಲರ ಬಾಯಲ್ಲೂ ಕೆಡಿಎಚ್ ವ್ಯಾನ್. ನಮ್ಮಲ್ಲಿ ಇನ್ನೋವಾ ಹೇಗೋ ಹಾಗೆ. ದಿನದ ಬಾಡಿಗೆ ಎಷ್ಟು ಅನ್ನುವುದರ ಜೊತೆ ದಿನಕ್ಕೆ ಎಷ್ಟು ಕಿಲೋಮೀಟರ್, ಮೇಲೆ ಓಡಿದರೆ ಎಷ್ಟು, ಪೆಟ್ರೋಲು, ಟೋಲು, ಪಾರ್ಕಿಂಗು, ಡ್ರೈವರ್ ಊಟ-ವಸತಿ ಯಾರದು, ಎಲ್ಲವನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಅಲ್ಲಿನ ಎಷ್ಟೋ ಹೋಟೆಲುಗಳಲ್ಲಿ ಡ್ರೈವರಿಗೆ ಪ್ರತ್ಯೇಕ ಕೋಣೆ ಇರುತ್ತದೆ, ರೂಮು ಬುಕ್ ಮಾಡುವಾಗಲೇ ಕೇಳಿಬಿಡಿ. ನಮ್ಮ ಡ್ರೈವರ್ ಒಳ್ಳೆಯ ಮನುಷ್ಯ, ಅತ್ತೆಯ ಕೈಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದ. ಆದರೂ ಮಾತಲೆ ಹತ್ತಿರ ಬಂದಾಗ 'ಸ್ಪೈಸ್ ಗಾರ್ಡನ್ ನೋಡಿ ಮೇಡಂ, ಫ್ರೀ' ಅಂದ. ನೋಡುವುದು ಫ್ರೀ ನಿಜ. ಕೊನೆಗೆ ಕೂರಿಸಿ ಮಂಡಿನೋವಿನ ಎಣ್ಣೆ ತೋರಿಸುತ್ತಾರೆ. ಅದರ ಬೆಲೆಯಲ್ಲಿ ಡ್ರೈವರಿಗೂ ಪಾಲಿರುತ್ತದೆ. ರತ್ನದ ಅಂಗಡಿ, ಬಾಟಿಕ್ ಅಂಗಡಿಯದೂ ಇದೇ ಕಥೆ. ಬೇಡ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಊರೊಳಗೆ ಓಡಾಡಲು ಪಿಕ್‌ಮಿ ಆ್ಯಪ್ ಹಾಕಿಕೊಳ್ಳಿ, ಆಟೋ ಚೌಕಾಸಿ ತಪ್ಪುತ್ತದೆ.

ಸಿಗಿರಿಯಾ ಬಂಡೆಯನ್ನು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಿ. ಐದನೇ ಶತಮಾನದಲ್ಲಿ ತಂದೆಯನ್ನು ಕೊಲ್ಲಿಸಿ ಪಟ್ಟಕ್ಕೆ ಬಂದ ಕಶ್ಯಪ, ತಮ್ಮನ ಭಯಕ್ಕೆ ಈ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ ಅಂತ ಕಥೆ. ಸುಮಾರು 1,200 ಮೆಟ್ಟಿಲು, ಕೆಲವು ಕಡೆ ಬರೀ ಕಬ್ಬಿಣದ ಏಣಿ. ಹತ್ತು ಗಂಟೆ ಮೇಲೆ ಬಂಡೆ ಕಾದ ಕಾವಲಿ. ಟಿಕೆಟ್ ದುಬಾರಿ, ವಿದೇಶಿಯರಿಗೆ 30 ಡಾಲರಿಗೆ ಕಡಿಮೆ ಇಲ್ಲ. ಆದರೆ ನಮ್ಮಂಥ ಸಾರ್ಕ್ ದೇಶದವರಿಗೆ ಹೆಚ್ಚುಕಡಿಮೆ ಅರ್ಧ ದರ. ಅದಕ್ಕೆ ಪಾಸ್‌ಪೋರ್ಟ್ ತೋರಿಸಬೇಕು, ಹೋಟೆಲಿನಲ್ಲಿ ಬಿಟ್ಟು ಬರಬೇಡಿ. ಹಳೆಯ ರಾಜಧಾನಿ ಪೊಲೊನ್ನರುವದಲ್ಲೂ ಈ ರಿಯಾಯಿತಿ ಇದೆ. ಎಷ್ಟೋ ಜನ ಕೇಳುವುದೇ ಇಲ್ಲ, ಪೂರ್ತಿ ಕೊಟ್ಟು ಬರುತ್ತಾರೆ. ಮಂಡಿ ನೋವಿರುವವರು ಸಿಗಿರಿಯಾ ಹತ್ತುವ ಹಟ ಮಾಡಬೇಡಿ. ಅತ್ತೆ ಕೆಳಗಿನ ಉದ್ಯಾನದಲ್ಲೇ ಆರಾಮಾಗಿ ಕೂತಿದ್ದರು. ಕಾಲು ಗಟ್ಟಿ ಇರುವವರಿಗೆ ಎದುರಿನ ಪಿದುರಂಗಲ ಬಂಡೆಯೂ ಇದೆ. ಟಿಕೆಟ್ ತೀರಾ ಕಡಿಮೆ, ಅಲ್ಲಿಂದ ಸಿಗಿರಿಯಾ ಪೂರ್ತಿ ಕಾಣುತ್ತದೆ. ಸಿಗಿರಿಯಾ ಮೇಲೆ ನಿಂತವರಿಗೆ ಸಿಗಿರಿಯಾ ಕಾಣುವುದಿಲ್ಲ, ಅಲ್ವಾ?

ಪೊಲೊನ್ನರುವಕ್ಕೆ ಅರ್ಧ ದಿನವಾದರೂ ಇಡಿ. ಜನ ಇದನ್ನು ಬಿಟ್ಟು ಹೋಗುತ್ತಾರೆ, ನನಗಂತೂ ಇಡೀ ಪ್ರವಾಸದಲ್ಲಿ ಇದೇ ಹೆಚ್ಚು ಹಿಡಿಸಿತು. ಚೋಳರು ಆಳಿದ ಊರು, ಅವರ ಕಾಲದ ಶಿವ ದೇವಾಲಯ ಈಗಲೂ ನಿಂತಿದೆ. ಆಮೇಲೆ ಹನ್ನೆರಡನೇ ಶತಮಾನದಲ್ಲಿ ಒಂದನೇ ಪರಾಕ್ರಮಬಾಹು ಕಟ್ಟಿಸಿದ ಕೆರೆಗೆ ಹೆಸರೇ ಪರಾಕ್ರಮ ಸಮುದ್ರ. ಒಂದೇ ಬಂಡೆಯಲ್ಲಿ ಕಡೆದ ಗಲ್ ವಿಹಾರದ ಬುದ್ಧರ ಮುಂದೆ ನಾವು ಜಡಿ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದೆವು. ಡಿಸೆಂಬರ್‌ನಲ್ಲಿ ಈ ಭಾಗಕ್ಕೆ ಮಳೆ ಬಂದೇ ಬರುತ್ತದೆ, ತಯಾರಾಗಿ ಹೋಗಿ. ಇಲ್ಲೊಂದು ಎಚ್ಚರ. ಬುದ್ಧನಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಳ್ಳುವುದು ಅಲ್ಲಿ ಅಪಚಾರ. ಕಾವಲಿನವರು ಬಂದು ಬೈಯುತ್ತಾರೆ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಚಪ್ಪಲಿ ಬಿಡಬೇಕು, ಹಾಗಾಗಿ ಬಿಸಿಲಿನ ದಿನಕ್ಕೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ.

ಕ್ಯಾಂಡಿಯಲ್ಲಿ ಬುದ್ಧನ ದಂತವಿರುವ ದಳದಾ ಮಾಳಿಗಾವ ದೇವಾಲಯ ಎಲ್ಲರೂ ನೋಡುವುದೇ. ಪೂಜೆಯ ಹೊತ್ತಿಗೆ ಡೋಲು ಬಾರಿಸುವಾಗ ಹೋದರೆ ಚೆನ್ನ. ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. ಕ್ಯಾಂಡಿಯ ಕೊನೆಯ ದೊರೆ ಶ್ರೀ ವಿಕ್ರಮ ರಾಜಸಿಂಹ ದಕ್ಷಿಣ ಭಾರತ ಮೂಲದ ನಾಯಕ್ಕರ್ ಮನೆತನದವನು. 1815ರಲ್ಲಿ ಬ್ರಿಟಿಷರು ಅವನನ್ನು ಹಿಡಿದು, ಮರುವರ್ಷ ವೆಲ್ಲೂರಿಗೆ ಸಾಗಿಸಿದರು. ಅವನ ಸಮಾಧಿಯೂ ಅಲ್ಲೇ ಇದೆ. ಚೆನ್ನೈ ರಸ್ತೆಯಲ್ಲಿ ಎಷ್ಟು ಸಲ ವೆಲ್ಲೂರು ದಾಟಿದ್ದೇವೋ, ಗೊತ್ತೇ ಇರಲಿಲ್ಲ.

ಕ್ಯಾಂಡಿಯಿಂದ 'ಎಲ್ಲಾ' ಅನ್ನುವ ಊರಿಗೆ ಹೋಗುವ ರೈಲಿನ ಫೋಟೋ ನೋಡದವರು ಯಾರಿದ್ದಾರೆ? ಚಹಾ ತೋಟದ ನಡುವೆ ಆರೇಳು ಗಂಟೆ. ಮುಂಗಡ ಬುಕಿಂಗ್ ಸುಮಾರು ತಿಂಗಳ ಮುಂಚೆ ತೆರೆಯುತ್ತದೆ, ಬೇಗ ಖಾಲಿಯಾಗುತ್ತದೆ. ಫಸ್ಟ್ ಕ್ಲಾಸ್ ಎಸಿ ತೆಗೆದುಕೊಳ್ಳಬೇಡಿ, ಅದರ ಕಿಟಕಿ ತೆರೆಯುವುದಿಲ್ಲ. ಸೆಕೆಂಡ್ ಕ್ಲಾಸ್ ರಿಸರ್ವ್ಡ್ ಸಿಕ್ಕರೆ ಬಿಡಬೇಡಿ. ಪೂರ್ತಿ ಪ್ರಯಾಣವೇ ಬೇಕೆಂದಿಲ್ಲ. 'ನಾನು ಓಯಾ' ಅನ್ನುವ ಸ್ಟೇಷನ್ನಿನಿಂದ ಎಲ್ಲಾವರೆಗಿನ ಮೂರು ಗಂಟೆಯ ಭಾಗವೇ ಸೊಗಸಾದದ್ದು. 1,891 ಮೀಟರ್ ಎತ್ತರದ ಪಟ್ಟಿಪೊಲ ಸ್ಟೇಷನ್ ಬರುವುದೂ ಇದರಲ್ಲೇ. ಲಗೇಜನ್ನು ವ್ಯಾನಿನಲ್ಲಿ ಕಳಿಸಿ, ಡ್ರೈವರ್ ಎಲ್ಲಾದಲ್ಲಿ ಕಾಯುತ್ತಾನೆ. ಬಾಗಿಲಿನಿಂದ ಹೊರಗೆ ಜೋತು ಬಿದ್ದು ಫೋಟೋ ತೆಗೆಸಿಕೊಳ್ಳುವ ಹುಚ್ಚು ಮಾತ್ರ ಬೇಡ. ಸುರಂಗಗಳಿವೆ, ಗೋಡೆ ಹತ್ತಿರದಲ್ಲೇ ಸವರಿ ಹೋಗುತ್ತದೆ. ನಾವು ಹೋಗಿ ಬಂದ ಮೇಲೆ, 2025ರ ನವೆಂಬರ್ ಕೊನೆಯಲ್ಲಿ, ದಿತ್ವಾ ಚಂಡಮಾರುತಕ್ಕೆ ಬೆಟ್ಟದ ಸೀಮೆಯಲ್ಲಿ ಗುಡ್ಡಗಳು ಕುಸಿದು ಈ ಮಾರ್ಗಕ್ಕೂ ದೊಡ್ಡ ಪೆಟ್ಟು ಬಿತ್ತು. ಎಲ್ಲಿಂದ ಎಲ್ಲಿಯವರೆಗೆ ರೈಲು ಓಡುತ್ತಿದೆ ಅಂತ ಖಚಿತ ಮಾಡಿಕೊಂಡೇ ಹೋಟೆಲ್ ಬುಕ್ ಮಾಡಿ.

ಆ ಬೆಟ್ಟಗಳಲ್ಲಿ ಒಂದು ಕಾಲದಲ್ಲಿ ಇದ್ದದ್ದು ಚಹಾ ಅಲ್ಲ, ಕಾಫಿ. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅದನ್ನು ನೆಲಸಮ ಮಾಡಿತು. ಆಮೇಲೆ ಚಹಾ ಬಂತು. ಚಿಕ್ಕಮಗಳೂರಿನವರಾದ ಅತ್ತೆ ಇದನ್ನು ಕೇಳಿ 'ಅದಕ್ಕೇ ಇಲ್ಲಿ ಒಂದು ಲೋಟ ಸರಿಯಾದ ಕಾಫಿ ಸಿಗುವುದಿಲ್ಲ' ಅಂದರು. ಫಿಲ್ಟರು, ಪುಡಿ ಜೊತೆಗೆ ಒಯ್ಯಿರಿ. ತೋಟದಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ತಮಿಳರು. ಬೆಂಗಳೂರಿನಲ್ಲಿ ಬೆಳೆದು ಅಷ್ಟಿಷ್ಟು ತಮಿಳು ಬರುವವರಿಗೆ ಇಲ್ಲಿ ಮಾತಿಗೆ ಜನ ಸಿಗುತ್ತಾರೆ.

ಊಟ. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಆದರೆ ಕೇಳದೆ ತಿನ್ನಬೇಡಿ. ಅನ್ನದ ಜೊತೆ ಬೇಳೆಯ ಪರಿಪ್ಪು, ಎಳೆ ಹಲಸಿನ ಪೊಲೊಸ್, ಬದನೆ, ಒಂದೆಲಗದ ಸಂಬೋಲ, ಎಲ್ಲ ನಮ್ಮ ನಾಲಿಗೆಗೆ ಹಿಡಿಸುವಂಥವೇ. ಬೆಳಿಗ್ಗೆ ಒತ್ತು ಶಾವಿಗೆ, ಆಪ್ಪ. ತೊಂದರೆ ಇರುವುದು ಉಂಬಲಕಡದಲ್ಲಿ. ಅದು ಒಣಗಿಸಿದ ಮೀನಿನ ಪುಡಿ. ತೆಂಗಿನಕಾಯಿ ಸಂಬೋಲಕ್ಕೆ ಹಾಕುತ್ತಾರೆ, ಎಷ್ಟೋ ಸಲ ತರಕಾರಿ ಪಲ್ಯಕ್ಕೂ. ಅವರ ಲೆಕ್ಕದಲ್ಲಿ ಅದು ಮಸಾಲೆ, ಮೀನಲ್ಲ. 'ಉಂಬಲಕಡ ಎಪಾ' ಅಂದರೆ ಸಾಕು, ಹಾಕುವುದಿಲ್ಲ. ವಟ್ಟಲಪ್ಪನ್ ಅನ್ನುವ ಬೆಲ್ಲದ ಸಿಹಿಯಲ್ಲಿ ಮೊಟ್ಟೆ ಇರುತ್ತದೆ. ಅದರ ಬದಲು ಎಮ್ಮೆ ಮೊಸರಿಗೆ ಬೈನೆ ಮರದ ಪಾಕ ಹುಯ್ದು ಕೊಡುತ್ತಾರೆ, ಮಣ್ಣಿನ ಮಡಿಕೆಯಲ್ಲಿ. ಅದನ್ನು ತಪ್ಪಿಸಿಕೊಳ್ಳಬೇಡಿ. ಪಕ್ಕಾ ಶುದ್ಧ ಶಾಕಾಹಾರ ಬೇಕೆನ್ನುವವರು ತಮಿಳರ ಶೈವ ಹೋಟೆಲು ಹುಡುಕಿ. ಕೊಲಂಬೊದ ವೆಳ್ಳವತ್ತೆಯಲ್ಲಿ ಸುಲಭವಾಗಿ ಸಿಗುತ್ತವೆ.

ಸಫಾರಿ ಬೇಕೇ? ಚಿರತೆಗೆ ಯಾಲ ಹೆಸರುವಾಸಿ, ನಿಜ. ಆದರೆ ಒಂದು ಚಿರತೆ ಕಂಡರೆ ಅದರ ಸುತ್ತ ಜೀಪುಗಳ ಸಿಲ್ಕ್ ಬೋರ್ಡ್. ಕಬಿನಿ, ನಾಗರಹೊಳೆ ನೋಡಿದವರು ಯಾಲಕ್ಕಾಗಿ ಒಂದು ದಿನ ಕಳೆಯುವ ಅಗತ್ಯ ನನಗೆ ಕಾಣಲಿಲ್ಲ. ಉಡವಲವೆಯಲ್ಲಿ ತಬ್ಬಲಿ ಆನೆಮರಿಗಳನ್ನು ಸಾಕಿ ಕಾಡಿಗೆ ಬಿಡುವ ಕೇಂದ್ರವಿದೆ. ಹಾಲು ಕುಡಿಸುವ ಹೊತ್ತಿಗೆ ಹೋದರೆ ಮಕ್ಕಳಿಗೆ ಖುಷಿ. ಎಲ್ಲಾದಿಂದ ದಕ್ಷಿಣಕ್ಕೆ ಇಳಿಯುವ ದಾರಿಯಲ್ಲಿ ಅದನ್ನು ಸೇರಿಸಿಕೊಳ್ಳಬಹುದು.

ಕರಾವಳಿಯಲ್ಲಿ ಗಾಲ್ ಕೋಟೆಗೆ ಒಂದು ಸಂಜೆ ಇಡಿ. ಪೋರ್ಚುಗೀಸರು ಶುರು ಮಾಡಿದ್ದು, ಡಚ್ಚರು ದೊಡ್ಡದಾಗಿ ಕಟ್ಟಿದ್ದು. 2004ರ ಸುನಾಮಿ ಗಾಲ್ ಪೇಟೆಯನ್ನು ಕೊಚ್ಚಿದಾಗ ಕೋಟೆಯೊಳಗೆ ಅಷ್ಟು ಹಾನಿ ಆಗಲಿಲ್ಲ. ಗೋಡೆಯ ಮೇಲಿಂದ ಕ್ರಿಕೆಟ್ ಮೈದಾನ ಕಾಣುತ್ತದೆ. ಮ್ಯಾಚ್ ಇದ್ದರೆ ಕಾಸಿಲ್ಲದೆ ನೋಡಬಹುದು. ಮಿರಿಸ್ಸಾದಿಂದ ನೀಲಿ ತಿಮಿಂಗಿಲ ನೋಡಲು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ದೋಣಿ ಹೋಗುತ್ತವೆ. ದೋಣಿ ಹತ್ತುವ ಮುಂಚೆಯೇ ವಾಂತಿಯ ಮಾತ್ರೆ ನುಂಗಿ. ವಯಸ್ಸಾದವರಿಗೆ ಬೇಡ.

ದುಡ್ಡಿಗೆ ಡಾಲರ್ ಒಯ್ದು ಏರ್‌ಪೋರ್ಟಿನಲ್ಲೇ ಬದಲಿಸಿ, ದರ ಮೋಸವಿಲ್ಲ. 2024ರ ಫೆಬ್ರವರಿಯಿಂದ ನಮ್ಮ ಯುಪಿಐ ಅಲ್ಲೂ ನಡೆಯುತ್ತದೆ, ಲಂಕಾಕ್ಯೂಆರ್ ಇರುವ ಅಂಗಡಿಗಳಲ್ಲಿ. ಆದರೆ ಹಳ್ಳಿ ಹೋಟೆಲಿಗೆ ನಗದೇ ಗತಿ. ಚಾರ್ಜರಿಗೆ ಚೌಕಾಕಾರದ ಮೂರು ಪಿನ್ನಿನ ಅಡಾಪ್ಟರ್ ಬೇಕು, ಚಿಕ್ಕಪೇಟೆಯಲ್ಲೇ ಕೊಂಡುಬಿಡಿ.

ಜಾಫ್ನಾವನ್ನು ಈ ಪ್ರವಾಸಕ್ಕೆ ಸೇರಿಸಬೇಡಿ. ನಲ್ಲೂರು ಕಂದಸ್ವಾಮಿ ದೇವಸ್ಥಾನ, ಸುತ್ತಲಿನ ದ್ವೀಪಗಳು, ಆ ಊಟ, ಎಲ್ಲಕ್ಕೂ ಬೇರೆಯೇ ರಜೆ ಬೇಕು. ತಮಿಳುನಾಡಿನ ನಾಗಪಟ್ಟಣದಿಂದ ಜಾಫ್ನಾ ಬಳಿಯ ಕಂಕೇಸಂತುರೈಗೆ ಹಡಗಿನ ಸಂಚಾರ 2023ರಲ್ಲಿ ಮತ್ತೆ ಶುರುವಾಗಿದೆ. ನಡುನಡುವೆ ನಿಲ್ಲುತ್ತದೆ, ಹಾಗಾಗಿ ಹೊರಡುವ ಮುಂಚೆ ವಿಚಾರಿಸಿ. ನಮ್ಮ ಮುಂದಿನ ಯೋಚನೆ ಅದೇ.

ತರಲು ಚೆಕ್ಕೆ ಮತ್ತು ಚಹಾ. ನಮ್ಮ ಅಂಗಡಿಗಳಲ್ಲಿ ಸಿಗುವ ಒರಟು ಚೆಕ್ಕೆ ಹೆಚ್ಚಾಗಿ ಕ್ಯಾಸಿಯಾ. ಅಲ್ಲಿನದು ತೆಳ್ಳಗೆ ಸುರುಳಿ ಸುತ್ತಿರುತ್ತದೆ, ಬೆರಳಿನಲ್ಲಿ ಪುಡಿಯಾಗುತ್ತದೆ. ಪ್ರವಾಸಿಗರ ಅಂಗಡಿಗೆ ಹೋಗದೆ ಕೀಲ್ಸ್ ಅಥವಾ ಕಾರ್ಗಿಲ್ಸ್ ಸೂಪರ್ ಮಾರ್ಕೆಟ್ಟಿನಲ್ಲಿ ಕೊಳ್ಳಿ. ಊರಿನವರೂ ಅಲ್ಲೇ ಕೊಳ್ಳುವುದು, ಬೆಲೆ ಪ್ಯಾಕೆಟ್ ಮೇಲೆಯೇ ಅಚ್ಚಾಗಿರುತ್ತದೆ.