ತಕಿಟ ತಕಧಿಮಿಗೆ ಎಷ್ಟು ದುಡ್ಡು?

ಅಕ್ಕನ ಮಗ ಬೆಳಿಗ್ಗೆ ಫೋನ್ ಮಾಡಿದ್ದ. "ಮಾವ, ಮ್ಯೂಸಿಕ್ ಮಾಡೋಕೆ ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ? ಕಮ್ಮಿ ರೇಟಲ್ಲಿರಬೇಕು, ಸುಲಭ ಇರಬೇಕು."

ಐಫೋನೋ ಮ್ಯಾಕೋ ಇದ್ದಿದ್ರೆ ಗ್ಯಾರೇಜ್‌ಬ್ಯಾಂಡ್ ಅಂತ ಹೇಳಿ ಫೋನ್ ಇಡುತ್ತಿದ್ದೆ. ಪುಕ್ಕಟೆ, ಸುಲಭ. ಇವನದ್ದು ಹಳೇ ವಿಂಡೋಸ್ ಲ್ಯಾಪ್‌ಟಾಪ್. ಎಫ್‌ಎಲ್ ಸ್ಟುಡಿಯೋ ಟ್ರಯಲ್‌ನಲ್ಲಿ ಸೇವ್ ಮಾಡಬಹುದು, ಆದರೆ ದುಡ್ಡು ಕೊಡುವವರೆಗೂ ಅದನ್ನು ಮತ್ತೆ ತೆರೆಯೋಕಾಗಲ್ಲ. ಕಲಿಯುವವನಿಗೆ ಇದೆಂಥ ಶಿಕ್ಷೆ!

ರೀಪರ್ ಹಾಕ್ಕೋ ಅಂದೆ. 60 ದಿನ ಪೂರ್ತಿ ಬಳಸಿ ನೋಡಬಹುದು, ಏನನ್ನೂ ಮುಚ್ಚಿಟ್ಟಿಲ್ಲ. ಆಮೇಲೆ ಲೈಸೆನ್ಸ್ 60 ಡಾಲರ್. ನೋಡೋಕೆ ಸ್ವಲ್ಪ ಒರಟು, ಒಪ್ತೀನಿ.

ಆದರೆ ಅವನು ಮೃದಂಗ ಕಲಿತ ಹುಡುಗ. ಮಿಶ್ರಛಾಪು ಬೇಕಂತೆ, ಅಂದ್ರೆ ಮೂರು-ನಾಲ್ಕಾಗಿ ಎಣಿಸೋ ಏಳು ಪೆಟ್ಟಿನ ತಾಳ. ಟೈಮ್ ಸಿಗ್ನೇಚರ್, ಅಂದ್ರೆ ಒಂದು ಸುತ್ತಿಗೆ ಎಷ್ಟು ಪೆಟ್ಟು ಅನ್ನೋ ಲೆಕ್ಕ, 7/8 ಮಾಡಿಸಿದೆ. ಟಕ್ ಟಕ್ ಅಂತ ತಾಳ ಹಾಕೋ ಮೆಟ್ರೊನೋಮ್‌ನಲ್ಲಿ ಮೊದಲನೇ ಪೆಟ್ಟಿಗೊಂದು, ನಾಲ್ಕನೇ ಪೆಟ್ಟಿಗೊಂದು ಒತ್ತು. ತಕಿಟ ತಕಧಿಮಿ, ತಕಿಟ ತಕಧಿಮಿ. ಆ ಕಡೆಯಿಂದ ಟಕ್ ಟಕ್ ಕೇಳಿಸುತ್ತಲೇ ಇತ್ತು, ಮಾತು ನಿಂತೇ ಹೋಯ್ತು.

ಯಾವುದು ಬೆಸ್ಟ್ ಅಂತ ವಿಡಿಯೋ ನೋಡ್ತಾ ಕೂತರೆ ವರ್ಷ ಕಳೆಯುತ್ತೆ. ತನ್ನ ತಾಳ ಅದರಲ್ಲಿ ಕೂರುತ್ತಾ ಅಂತ ನೋಡಿಕೊಂಡರೆ ಸಾಕು ಅನ್ನಿಸುತ್ತೆ ನಂಗೆ.

ಉಳಿದ ದುಡ್ಡಲ್ಲಿ ಹೆಡ್‌ಫೋನ್ ತಗೋ ಅಂದೆ. ಅಕ್ಕನೂ ಸ್ವಲ್ಪ ನಿದ್ದೆ ಮಾಡಬೇಕಲ್ವಾ?