ಬಟನ್ ಕೆಟ್ಟಿಲ್ಲ ಗುರು

ಬೆಂಗಳೂರಿನ ಮಾಲ್‌ಗಳ ಗೇಮ್ ಝೋನ್‌ನಲ್ಲಿ ಹಳೇ ಶೈಲಿಯ ಶೂಟಿಂಗ್ ಆಟದ ಮುಂದೆ ನಿಂತವರ ಮೊದಲ ಮಾತು: 'ಬಟನ್ ಹೋಗಿದೆ ಕಣೋ!' ಎಲ್ಲಿ ಹೋಗಿದೆ? 1978ರ ಸ್ಪೇಸ್ ಇನ್ವೇಡರ್ಸ್ ಅನ್ನೋ, ಮೇಲಿಂದ ಸಾಲುಸಾಲಾಗಿ ಇಳಿದು ಬರೋ ಶತ್ರುಗಳನ್ನ ಹೊಡೆಯೋ ಆಟದಲ್ಲಿ ಒಂದು ಹೊತ್ತಿಗೆ ಪರದೆ ಮೇಲೆ ನಮ್ಮ ಗುಂಡು ಒಂದೇ. ಅದು ಏನಕ್ಕಾದರೂ ತಗಲೋವರೆಗೆ, ಇಲ್ಲಾ ಮೇಲಂಚು ಮುಟ್ಟೋವರೆಗೆ ಇನ್ನೊಂದು ಹೊರಡಲ್ಲ. ಟಕಟಕ ಒತ್ತಿದರೆ ಬೆರಳಿಗೆ ನೋವು, ಅಷ್ಟೇ. ಮೇಲಿನ ಸಾಲಿಗೆ ಹೊಡೆದು ತಪ್ಪಿದರೆ ಗುಂಡು ವಾಪಸ್ ಸಿಗೋವರೆಗೂ ಕೈ ಕಟ್ಟಿದ ಹಾಗೆ.

ಎರಡನೇ ದೂರು, 'ಕೊನೇಲಿ ಮೋಸ ಮಾಡುತ್ತೆ'. ಅದೂ ಅಲ್ಲ. 55 ಶತ್ರುಗಳನ್ನು ಒಂದೊಂದಾಗಿ ಸರಿಸೋ ಪ್ರೊಸೆಸರ್‌ಗೆ ಉಳಿದವು ಕಡಿಮೆಯಾದಷ್ಟೂ ಕೆಲಸ ಹಗುರ, ಅವುಗಳ ವೇಗ ಜಾಸ್ತಿ. ಕೊನೆಯದು ಓಟವೇ ಕೀಳುತ್ತೆ. ಯಂತ್ರದ ಬಡತನವೇ ಆಟದ ಮಜಾ ಆಗಿಬಿಡ್ತಲ್ಲ! ಶತ್ರುಗಳ ಗುಂಪು ಪರದೆಯ ಪಕ್ಕದ ಅಂಚು ಮುಟ್ಟಿದಾಗಲೆಲ್ಲ ಒಂದು ಹೆಜ್ಜೆ ಕೆಳಗಿಳಿಯುತ್ತೆ. ಅದಕ್ಕೇ ಅಂಚಿನ ಕಂಬಸಾಲು ಮೊದಲು ಖಾಲಿ ಮಾಡಿ: ಗುಂಪು ಕಿರಿದಾದರೆ ಪಕ್ಕದ ಅಂಚು ಮುಟ್ಟೋಕೆ ಹೆಚ್ಚು ದೂರ ಹೋಗಬೇಕು, ಕೆಳಗಿಳಿಯೋದು ತಡ.